ಧ್ವನಿ ಬದಲಾವಣೆ: ಗಾಥಿಕ್ ಸಾಯದೇ ಇದ್ದಿದ್ದರೆ?

ನಮ್ಮ 'ಹಾಲು' ಒಂದು ಕಾಲಕ್ಕೆ 'ಪಾಲ್' ಆಗಿತ್ತು, 'ಹುಲಿ' 'ಪುಲಿ' ಆಗಿತ್ತು. ಪದದ ಮೊದಲಿಗಿದ್ದ ಪಕಾರ ಸಾಲುಸಾಲಾಗಿ ಹಕಾರವಾಯಿತು. ಆದರೆ ಅಪ್ಪ, ತುಪ್ಪ ಹಾಗೇ ಉಳಿದವು, ಯಾಕೆಂದರೆ ಅಲ್ಲಿರುವುದು ನಡುವಿನ ಒತ್ತಕ್ಷರ. ಹೀಗೆ ಪದ ಯಾವುದು ಅಂತ ನೋಡದೆ, ಧ್ವನಿ ಎಲ್ಲಿ ಕೂತಿದೆ ಅಂತ ಮಾತ್ರ ನೋಡಿ ಆಗುವ ಬದಲಾವಣೆಗೆ ಧ್ವನಿ ಬದಲಾವಣೆ ಅನ್ನುತ್ತಾರೆ.

ಕಥೆಗೋ ಆಟಕ್ಕೋ ಹೊಸ ಭಾಷೆ ಕಟ್ಟುವವರಿಗೆ ಇದು ತುಂಬಾ ಬೇಕು. ಗಾಥಿಕ್ ತಗೊಳ್ಳಿ, ಅದು ಯುರೋಪಿನ ಗಾಥರು ಅನ್ನೋ ಜನ ಆಡುತ್ತಿದ್ದ, ಈಗ ಸತ್ತುಹೋಗಿರುವ ಭಾಷೆ. 4ನೇ ಶತಮಾನದಲ್ಲಿ ಬಿಷಪ್ ವುಲ್ಫಿಲ ಬೈಬಲ್ಲನ್ನು ಆ ಭಾಷೆಗೆ ತಂದಿದ್ದರಿಂದ ನಮಗೆ ಅದರ ಪದಗಳು ಸಿಕ್ಕಿವೆ. ಮುಂದೆ ಸ್ಪೇನ್ ಆಳಿದ ಗಾಥರು ತಮ್ಮ ಮಾತು ಬಿಟ್ಟು ಅಲ್ಲಿನ ಲ್ಯಾಟಿನ್ ಹಿಡಿದರು. ಬಿಡದೇ ಇದ್ದಿದ್ದರೆ ಆ ಮಾತು ಹೇಗಿರುತ್ತಿತ್ತು?

ಸುಮ್ನೆ ಮನಸ್ಸಿಗೆ ಬಂದಂತೆ ಅಕ್ಷರ ತಿರುಚಿದರೆ ಆಗಲ್ಲ. ಸ್ಪೇನಿನಲ್ಲಿ ಲ್ಯಾಟಿನ್ ಸ್ಪ್ಯಾನಿಷ್ ಆಗುವಾಗ ಅದಕ್ಕೆ ಆದದ್ದನ್ನೇ ಗಾಥಿಕ್‌ಗೂ ಮಾಡಿ ನೋಡೋಣ. ಅಲ್ಲಿ 'ಫರೀನ' (ಹಿಟ್ಟು) ಮೊದಲು 'ಹರೀನ' ಆಗಿ, ಆಮೇಲೆ ಆ ಹಕಾರವೂ ಬಾಯಿಂದ ಜಾರಿತು. ನಮ್ಮ ಪ-ಹ ನೆನಪಾಗುತ್ತದೆ, ಅಲ್ವಾ? ಸ್ವರಗಳ ನಡುವಿನ ತ ದ ಆಯಿತು: 'ವೀತ' (ಬದುಕು) 'ವಿದ' ಆಯಿತು. ಅದೇ ಜಾಗದ ಹಳೆಯ ದ ಎಷ್ಟೋ ಪದಗಳಲ್ಲಿ ಉದುರಿತು: 'ವಿದೇರೆ' (ನೋಡು) ಈಗ ಬರೀ 'ವೆರ್'.

ಈಗ ಗಾಥಿಕ್‌ನ 'ಫೋತುಸ್' (ಪಾದ) 'ಹೋದೊಸ್' ಆಗುತ್ತದೆ (ಕೊನೆಯ ಉ ಕೂಡ ಸ್ಪ್ಯಾನಿಷ್‌ನಲ್ಲಿ ಆದಂತೆ ಒ ಆಯಿತು). 'ಫದರ್' (ತಂದೆ) ದ ಕಳೆದುಕೊಂಡು 'ಹಾರ್' ಆಗುತ್ತದೆ. ಗಾಥರು ತಂದೆಗೆ ಜಾಸ್ತಿ ಬಳಸಿದ್ದು 'ಅತ್ತ' ಅನ್ನೋ ಪದ, ಅದರ ಒತ್ತಕ್ಷರ ದ ಆಗಲ್ಲ, ಸಡಿಲಾಗಿ 'ಅತ' ಆಗುತ್ತದೆ, ಅಷ್ಟೇ. ನನಗೆ ತುಂಬಾ ಇಷ್ಟವಾಗೋ ಜಾಗ ಇದು, ನಮ್ಮ ಅಪ್ಪನನ್ನು ಕಾಪಾಡಿದ ಒತ್ತೇ ಅವರ ಅಪ್ಪನನ್ನೂ ಕಾಪಾಡಿತು.

ಯಾವುದು ಮೊದಲು ಅನ್ನೋದರ ಮೇಲೆ ಕಣ್ಣಿಡಬೇಕು. ಹಳೆಯ ದ ಉದುರಿದ ಮೇಲೆ ತ ದ ಆದರೆ 'ಹೋದೊಸ್' ಉಳಿಯುತ್ತದೆ. ತಿರುಗಾಮುರುಗಾ ಮಾಡಿದರೆ ಆ ಹೊಸ ದ ಕೂಡ ಉದುರಿ 'ಹೋಸ್' ಆಗಿಬಿಡುತ್ತದೆ. ನಿಯಮಗಳು ಅವೇ, ಹುಟ್ಟೋ ಭಾಷೆ ಮಾತ್ರ ಬೇರೆ.

ಸ್ಪೇನ್ ಬೇಡ ಅನ್ನುವವರು ಕಪ್ಪು ಸಮುದ್ರದ ದಡದ ಕ್ರೈಮಿಯಾ ಕಡೆ ನೋಡಬಹುದು. ಅಲ್ಲಿ ಗಾಥಿಕ್‌ನ ಹತ್ತಿರದ ಬಂಧು ನಿಜವಾಗಿಯೂ ಉಳಿದಿತ್ತು. 16ನೇ ಶತಮಾನದಲ್ಲಿ ಬುಸ್ಬೆಕ್ ಎಂಬ ರಾಯಭಾರಿ ಅದರ ಕೆಲವು ಪದ ಬರೆದಿಟ್ಟರು. ವುಲ್ಫಿಲನ ಕಾಲದ 'ಮೇನ' (ಚಂದ್ರ) ಅಲ್ಲಿ 'ಮೀನೆ', 'ಸ್ಲೇಪನ್' (ಮಲಗು) ಅಲ್ಲಿ 'ಶ್ಲೀಪೆನ್'. ಎರಡರಲ್ಲೂ ಏ ಹೋಗಿ ಈ ಬಂದಿದೆ ನೋಡಿ.