ಮೀನು ಜೋರಾಗಿ ಉಸಿರೆಳೆದರೆ ಉಪ್ಪು ಸೋರುತ್ತದೆ

ಬೆಳಗಿನ ಜಾವ ಐದೂವರೆಗೆ ಕೆರೆ ಏರಿ ಮೇಲೆ ನಿಂತು ನೋಡಿ. ಎರಡು ದಿನ ಮೋಡ ಕವಿದಿದ್ದು, ನೀರು ಪಾಚಿಯಿಂದ ದಟ್ಟ ಹಸಿರಾಗಿದ್ದರೆ ಕಟ್ಲಾ, ರೋಹು ಮೀನುಗಳು ಮೇಲೆ ಬಂದು ಬಾಯಿ ಪಚಪಚ ಮಾಡುತ್ತಿರುತ್ತವೆ. ಮಾರನೇ ದಿನ ಅವು ಹೊಟ್ಟೆ ಮೇಲಾಗಿ ತೇಲಿದರೆ ಊರಲ್ಲಿ ಎರಡೇ ಮಾತು: ಯಾರೋ ವಿಷ ಹಾಕಿದ್ದಾರೆ, ಇಲ್ಲವೇ ಊರಿಗೆ ಕೇಡು ಕಾದಿದೆ. ವಿಷ ಬಿದ್ದಿರುವುದೂ ಉಂಟು, ಪರೀಕ್ಷೆ ಮಾಡಿಸಲೇಬೇಕು. ಆದರೆ ಕೇಡಿನ ಮಾತು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ರಾತ್ರಿಯಿಡೀ ಪಾಚಿಯೂ ಉಸಿರಾಡುತ್ತದೆ, ಅದಕ್ಕೇ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತಳ ಕಂಡಿರುತ್ತದೆ. ಕೊಳಚೆ ಸೇರಿದರಂತೂ ಕೇಳಲೇಬೇಡಿ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗಲೂ ಕೊಳಚೆ ಮತ್ತು ಆಮ್ಲಜನಕದ ಕೊರತೆಯ ಮಾತೇ ಮುಂದೆ ಬಂದಿತ್ತು.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇದೆ. 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 6 ಮಿಲಿಲೀಟರ್ ಮಾತ್ರ. ಅಷ್ಟನ್ನು ಹೀರಲು ಕಿವಿರು ತೀರಾ ತೆಳ್ಳಗಿರಬೇಕು, ಅಗಲವಾಗಿರಬೇಕು. ಕಷ್ಟ ಶುರುವಾಗುವುದೇ ಅಲ್ಲಿ. ಮೀನಿನ ರಕ್ತದಲ್ಲಿ ಉಪ್ಪಿದೆ, ಹೊರಗೆ ಸಿಹಿನೀರು. ಆಮ್ಲಜನಕ ಒಳಗೆ ಬರುವ ತೆಳು ಪದರದಿಂದಲೇ ಉಪ್ಪು ಹೊರಗೆ ಜಾರುತ್ತದೆ, ನೀರು ಒಳಗೆ ನುಗ್ಗುತ್ತದೆ. ನೆನೆಹಾಕಿದ ಒಣದ್ರಾಕ್ಷಿ ಉಬ್ಬುತ್ತದಲ್ವಾ, ಹಾಗೆ. ಸೆಕೆಗೆ ಕಿಟಕಿ ತೆರೆದರೆ ಸೊಳ್ಳೆಯೂ ಬರುತ್ತದೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಮೀನಿನ ಪಾಡೂ ಅದೇ, ಒಂದು ಕ್ಷಣವೂ ಬಿಡುವಿಲ್ಲದೆ.

ಉಸಿರು ಕಟ್ಟಿದ ಮೀನಿನ ರಕ್ತಕ್ಕೆ ಅಡ್ರಿನಲಿನ್ ಎಂಬ ಹಾರ್ಮೋನು ಸುರಿಯುತ್ತದೆ. ಕಿವಿರಿನ ಮಡಿಕೆಗಳಲ್ಲಿ ರಕ್ತ ಜಾಸ್ತಿ ಹರಿಯುತ್ತದೆ, ಅಂದರೆ ಕಿಟಕಿ ಪೂರ್ತಿ ತೆರೆದಂತೆ. ಆಮ್ಲಜನಕ ಸ್ವಲ್ಪ ಹೆಚ್ಚು ಸಿಗುತ್ತದೆ, ಸೋಡಿಯಂ, ಕ್ಲೋರೈಡ್ (ಅಂದರೆ ಉಪ್ಪು) ಸೋರುವುದೂ ಹೆಚ್ಚುತ್ತದೆ. ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ನಮ್ಮ ಮೈಯಲ್ಲಿ ಉಪ್ಪಿನ ಲೆಕ್ಕ ನೋಡಿಕೊಳ್ಳಲು ಆಲ್ಡೋಸ್ಟೆರಾನ್ ಅಂತ ಬೇರೆ ಹಾರ್ಮೋನೇ ಇದೆ. ಈ ಮೀನುಗಳಲ್ಲಿ ಅದಿಲ್ಲ, ಆ ಕೆಲಸವೂ ಕಾರ್ಟಿಸಾಲ್ ತಲೆಗೇ. ಕಿವಿರಿನಲ್ಲಿ ಉಪ್ಪು ಎಳೆದುಕೊಳ್ಳುವ ಕೋಶಗಳನ್ನು ಅದು ಹೆಚ್ಚಿಸುತ್ತದೆ. ಆದರೆ ಅದಕ್ಕೆ ದಿನಗಳು ಬೇಕು. ಉಸಿರು ಕಟ್ಟುವುದು ಒಂದೇ ರಾತ್ರಿಯಲ್ಲಿ. ಮೇಲಾಗಿ ಆ ಕೋಶಗಳು ನಡೆಯಲು ಶಕ್ತಿ ಬೇಕು, ಶಕ್ತಿಗೆ ಮತ್ತೆ ಆಮ್ಲಜನಕವೇ ಬೇಕು! ಕರೆಂಟ್ ಹೋದ ಹೊತ್ತಿಗೇ ಬಾವಿಯ ಪಂಪು ಬೇಕಾದಂತೆ.

ಸಿಹಿನೀರಿನ ಮೀನು ಕಿವಿರಿನಿಂದಲೇ ಉಪ್ಪು ಹೀರುತ್ತದೆ ಎಂದು 1930ರ ದಶಕದಲ್ಲಿ ತೋರಿಸಿದವರು ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. ರಕ್ತದ ಸೂಕ್ಷ್ಮನಾಳಗಳ ಕೆಲಸಕ್ಕೆ 1920ರಲ್ಲೇ ನೊಬೆಲ್ ಪಡೆದವರು, ಆಮೇಲೆ ಗೋಲ್ಡ್‌ಫಿಶ್ ಮುಂದೆ ಕೂತರು. ನನಗೆ ಅವರು ತುಂಬಾ ಇಷ್ಟ. ನಮ್ಮ ಮೀನುಮರಿ ಸಾಗಿಸುವವರು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದ ನೀರಿಗೆ ಚಿಟಿಕೆ ಉಪ್ಪು ಹಾಕುವುದೂ ಇದೇ ಲೆಕ್ಕದ ಮೇಲೆ. ಹೊರಗೆ ಉಪ್ಪಿದ್ದರೆ ಒಳಗಿನದು ಅಷ್ಟು ಬೇಗ ಸೋರುವುದಿಲ್ಲ.

ಗೋಲ್ಡ್‌ಫಿಶ್‌ನ ಹತ್ತಿರದ ನೆಂಟ, ಯುರೋಪಿನ ಕ್ರೂಷಿಯನ್ ಕಾರ್ಪ್, ಬೇರೆ ದಾರಿ ಹಿಡಿದಿದೆ. ಆಮ್ಲಜನಕ ಸಾಕಷ್ಟಿರುವ ತಣ್ಣೀರಿನಲ್ಲಿ ಕಿವಿರಿನ ಸಂದುಗಳನ್ನು ಕೋಶಗಳಿಂದ ತುಂಬಿಕೊಂಡಿರುತ್ತದೆ, ಸೋರಿಕೆ ಕಡಿಮೆ. ಆಮ್ಲಜನಕ ಇಳಿದರೆ ಕೆಲವೇ ದಿನಗಳಲ್ಲಿ ಆ ಕೋಶಗಳು ಜಾಗ ಬಿಡುತ್ತವೆ, ಉಸಿರಾಡುವ ಮೈ 7 ಪಟ್ಟಿಗೂ ಹೆಚ್ಚಾಗುತ್ತದೆ. ಅಮೆಜಾನ್‌ನ ಆಸ್ಕರ್ ಮೀನಿನದು ಮತ್ತೊಂದು ದಾರಿ. ಉಸಿರು ಕಟ್ಟಿದಾಗ ಅದು ಉಪ್ಪಿನ ದಾರಿಗಳನ್ನೇ ಮುಚ್ಚಿ, ಉಪ್ಪು ಎಳೆಯುವ ಪಂಪಿನ ಕೆಲಸವನ್ನೂ ತಗ್ಗಿಸಿ, ತಳದಲ್ಲಿ ಸುಮ್ನೆ ಇದ್ದುಬಿಡುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಕಿತ್ತಳೆ ಮಚ್ಚೆಯ ದಪ್ಪ ಮೀನು ಕಂಡರೆ ಒಂದು ನಿಮಿಷ ನಿಂತು ಅದರ ಕಿವಿರು ಮುಚ್ಚಳ ನೋಡಿ.