ಸಣ್ಣ ದೋಣಿಯ ಲಂಗರು ಎತ್ತಲು ಎಷ್ಟು ಬಲ ಬೇಕು?

ಗಂಗೊಳ್ಳಿಯಂಥ ಅಳಿವೆಯ ಕೆಸರಿನಲ್ಲಿ ರಾತ್ರಿಯಿಡೀ ನಿಂತ ದೋಣಿಯ ಲಂಗರನ್ನು ಬೆಳಗ್ಗೆ ಕೈಯಿಂದ ಎಳೆದವರಿಗೆ ಅದರ ಕಷ್ಟ ಗೊತ್ತು. ಜಾರುವ ಮುಂತುದಿಯಲ್ಲಿ ಬಾಗಿ ನಿಂತು ಎಳೆಯುವಾಗ ಒದ್ದೆ ಹಗ್ಗ ಅಂಗೈಯನ್ನು ಉಜ್ಜುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸೋಣವೆಂದರೆ, ಸಮುದ್ರಕ್ಕೆಂದೇ ತಯಾರಾದ, ಲಂಗರು ಎತ್ತುವ ವಿದ್ಯುತ್ ಯಂತ್ರವಾದ ವಿಂಡ್‌ಲಾಸ್ ಸಣ್ಣ ದೋಣಿಯವರ ಕೈಗೆ ಸುಲಭವಾಗಿ ಎಟುಕುವ ವಸ್ತುವಲ್ಲ. ಹೀಗಾಗಿ ಯಂತ್ರ ಹುಡುಕುವ ಮೊದಲು, ಬಲ ನಿಜಕ್ಕೂ ಎಲ್ಲಿ ಖರ್ಚಾಗುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

10 ಕೆ.ಜಿ. ಲಂಗರು ಮತ್ತು ಅದರ ಜೊತೆಗಿನ 6 ಮೀಟರ್ ಸರಪಳಿ ಸೇರಿ ಸುಮಾರು 18 ಕೆ.ಜಿ. ಎಂದುಕೊಳ್ಳೋಣ. ಉಕ್ಕು ನೀರಿನಲ್ಲಿ ಮುಳುಗಿರುವಾಗ ತನ್ನ ತೂಕದ ಎಂಟನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳುವುದರಿಂದ ನಾವು ಎತ್ತಬೇಕಾದದ್ದು 16 ಕೆ.ಜಿ. ಮಾತ್ರ. ಅದನ್ನು 15 ಮೀಟರ್ ಆಳದಿಂದ ಮೇಲಕ್ಕೆ ತರಲು ಬೇಕಾದ ಶಕ್ತಿ ಸುಮಾರು 2,350 ಜೂಲ್, 60 ಕೆ.ಜಿ. ತೂಕದ ಮನುಷ್ಯ 4 ಮೀಟರ್ ಎತ್ತರದ ಮೆಟ್ಟಿಲು ಹತ್ತಿದಷ್ಟೇ. ಒಂದು ನಿಮಿಷದಲ್ಲಿ ಎತ್ತಿದರೆ 40 ವ್ಯಾಟ್. ಅರ್ಧ ಶಕ್ತಿ ಗೇರಿನಲ್ಲಿ, ಘರ್ಷಣೆಯಲ್ಲಿ ವ್ಯರ್ಥವಾದರೂ 12 ವೋಲ್ಟಿನ ಬ್ಯಾಟರಿಯಿಂದ 7 ಆಂಪಿಯರ್ ಸಾಕು.

ಹಾಗಾದರೆ ಕಷ್ಟವೆಲ್ಲ ಎಲ್ಲಿದೆ? ಲಂಗರು ಕೆಸರನ್ನು ಬಿಟ್ಟು ಬರುವ ಆ ಮೊದಲ ಗಳಿಗೆಯಲ್ಲಿದೆ. ಜೇಡಿಯ ಕಣಗಳು ತೀರ ಸಣ್ಣವಾದ್ದರಿಂದ ಅವುಗಳ ನಡುವೆ ನೀರು ಹರಿಯುವುದು ಬಹಳ ನಿಧಾನ. ಲಂಗರಿನ ಅಲಗು ಮೇಲೇಳಬೇಕಾದರೆ ಅದರಡಿ ಉಂಟಾಗುವ ಪೊಳ್ಳನ್ನು ನೀರು ತುಂಬಬೇಕು. ತುಂಬದಿದ್ದರೆ ಅಲ್ಲಿ ಒತ್ತಡ ಕುಸಿದು, ಮೇಲಿನ ನೀರಿನ ಭಾರ ಅಲಗನ್ನು ಒತ್ತಿ ಹಿಡಿಯುತ್ತದೆ. ಜಗ್ಗಿದಷ್ಟೂ ಅದು ಬಿಗಿಯಾದಂತೆ ಅನ್ನಿಸುವುದು ಇದಕ್ಕೇ. ಹಗ್ಗವನ್ನು ನೇರ ಮೇಲ್ಮುಖವಾಗಿ ಬಿಗಿದಿಟ್ಟು ಒಂದೆರಡು ನಿಮಿಷ ಕಾಯ್ದರೆ ನೀರು ಮೆಲ್ಲಗೆ ಒಳಸೇರಿ ಹಿಡಿತ ತಾನಾಗಿ ಸಡಿಲುತ್ತದೆ.

ಬಿಗಿದಿಡುವುದಕ್ಕೂ ಮೋಟಾರು ಬೇಡ. ಅಲೆಯ ತಗ್ಗಿನಲ್ಲಿ ಮುಂತುದಿ ಕೆಳಗಿಳಿದಾಗ ಹಗ್ಗದ ಸಡಿಲನ್ನು ಎಳೆದುಕೊಂಡು ಗಟ್ಟಿ ಗೂಟಕ್ಕೆ ಸುತ್ತಿಬಿಟ್ಟರೆ, ಮುಂದಿನ ಅಲೆ ದೋಣಿಯನ್ನು ಎತ್ತುವಾಗ ಲಂಗರನ್ನೂ ಎತ್ತಲೇಬೇಕು. ಮುಂಭಾಗದ 2 ಚದರ ಮೀಟರಿನಷ್ಟು ಜಾಗ ಸಹಜ ಮಟ್ಟಕ್ಕಿಂತ 10 ಸೆಂ.ಮೀ. ಹೆಚ್ಚು ಮುಳುಗಿದರೆ ಅದು ಸರಿಸುವ ನೀರು 200 ಲೀಟರ್, ಎಂದರೆ 200 ಕೆ.ಜಿ. ಭಾರದಷ್ಟು ಮೇಲ್ಮುಖ ಬಲ. ಇಷ್ಟು ಎಳೆಯಬಲ್ಲ ವಿಂಚನ್ನು (ಹಗ್ಗ ಸುತ್ತಿ ಎಳೆಯುವ ಯಂತ್ರವನ್ನು) ದುಡ್ಡು ಕೊಟ್ಟು ತರುವ ಮೊದಲು, ದೋಣಿಯೇ ಅದನ್ನು ಪುಕ್ಕಟೆಯಾಗಿ ಕೊಡುತ್ತಿದೆ ಎಂಬುದನ್ನು ನೆನಪಿಡಬೇಕು. ಆದರೆ ಹಗ್ಗವನ್ನು ಎಂದೂ ದೋಣಿಯ ಹಿಂಭಾಗಕ್ಕೆ ಕಟ್ಟಬಾರದು. ತಗ್ಗಾದ ಹಿಂಭಾಗದಿಂದ ನೀರು ನುಗ್ಗಿ ದೋಣಿ ಮುಳುಗುವ ಅಪಾಯವಿದೆ.

ನನ್ನ ಮಟ್ಟಿಗೆ ಅತ್ಯಂತ ಅಗ್ಗದ ಯಾಂತ್ರಿಕ ಉಪಾಯವೆಂದರೆ ಒಂದು ತೇಲುಗುಂಡು ಮತ್ತು ಒಂದು ಉಕ್ಕಿನ ಬಳೆ. ಹಗ್ಗದ ಮೇಲೆ ಸಲೀಸಾಗಿ ಜಾರುವಂತೆ ಬಳೆಯನ್ನು ತೊಡಿಸಿ ಅದಕ್ಕೆ ತೇಲುಗುಂಡನ್ನು ಕಟ್ಟಿ, ಮುಂತುದಿಗೆ ಬಿಗಿದಿರುವ ಲಂಗರಿನ ಹಗ್ಗ ಪ್ರೊಪೆಲ್ಲರಿಗೆ ಸಿಗದಂತೆ ತುಸು ಓರೆಯಾಗಿ ದೋಣಿಯನ್ನು ನಿಧಾನವಾಗಿ ಮುಂದೆ ನಡೆಸಬೇಕು. ಗುಂಡು ಹಿಂದುಳಿಯುತ್ತದೆ, ಹಗ್ಗ ಬಳೆಯೊಳಗೆ ಓಡುತ್ತದೆ. ಬಾವಿಯ ರಾಟೆಯ ಮೇಲೆ ಹಗ್ಗ ತಿರುಗಿ ಕೊಡ ಮೇಲೆ ಬರುವಂತೆ ಲಂಗರು ಗುಂಡಿನತ್ತ ಏರುತ್ತದೆ. 40 ಸೆಂ.ಮೀ. ವ್ಯಾಸದ ಗುಂಡಿನ ಗಾತ್ರ 33 ಲೀಟರಿನಷ್ಟಿರುವುದರಿಂದ 16 ಕೆ.ಜಿ.ಯನ್ನು ಅದು ಆರಾಮಾಗಿ ತೇಲಿಸುತ್ತದೆ. ಸರಪಳಿ ಬಳೆಯನ್ನು ದಾಟಿ ಆಚೆ ಜೋತುಬಿದ್ದರೆ ಲಂಗರು ಮತ್ತೆ ಕೆಳಗಿಳಿಯದು. ಆಮೇಲೆ ನೀರಿನ ಮೇಲ್ಮೈಯಲ್ಲಿ ತೇಲುತ್ತಿರುವ ಎಲ್ಲವನ್ನೂ ದೋಣಿಯತ್ತ ಎಳೆದುಕೊಂಡರಾಯಿತು.

ದಟ್ಟಣೆಯ ಜಾಗದಲ್ಲಿ ಹೀಗೆ ದೋಣಿ ಓಡಿಸಲಾಗದು. ಅಲ್ಲಿ ಸಣ್ಣ ಗೇರ್ ಮೋಟಾರಿನಿಂದ ತಿರುಗುವ ನಯವಾದ ಡ್ರಮ್ಮಿಗೆ ಹಗ್ಗವನ್ನು ಎರಡು ಮೂರು ಸುತ್ತು ಹಾಕಿದರೆ ಸಾಕು. ಪುಂಡ ಹೋರಿಯ ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿ ಒಬ್ಬನೇ ಹಿಡಿದು ನಿಲ್ಲುವುದು ಸಾಧ್ಯವಾಗುವುದು ಪ್ರತಿ ಸುತ್ತಿಗೂ ಘರ್ಷಣೆಯ ಹಿಡಿತ ಗುಣಾಕಾರದಲ್ಲಿ ಬೆಳೆಯುವುದರಿಂದ. ಘರ್ಷಣಾಂಕ (ಹಗ್ಗಕ್ಕೂ ಡ್ರಮ್ಮಿಗೂ ನಡುವಿನ ಘರ್ಷಣೆಯ ಅಳತೆ) 0.25 ಇದ್ದರೆ ಎರಡು ಸುತ್ತಿಗೆ 23 ಪಟ್ಟು, ಮೂರು ಸುತ್ತಿಗೆ 110 ಪಟ್ಟು. ಒದ್ದೆ ನೈಲಾನ್ ಜಾರುವುದರಿಂದ ಲಾಭ ಇದಕ್ಕಿಂತ ಕಡಿಮೆಯಾದರೂ, ಬೆರಳಲ್ಲಿ ಹಗುರಾಗಿ ಹಿಡಿದ ಹಗ್ಗವನ್ನು ಡ್ರಮ್ ಬಲವಾಗಿ ಎಳೆಯುತ್ತದೆ. ಕೈ ಸಡಿಲಿಸಿದ ಕೂಡಲೇ ಎಳೆತ ನಿಲ್ಲುತ್ತದೆ.

ಜೀಪಿನ ವಿಂಚನ್ನು ತಂದು ಕೂರಿಸುವವರು ತಂತಿಯ ದಪ್ಪವನ್ನು ಮರೆಯಬಾರದು. ಭಾರ ಬಿದ್ದಾಗ 80 ಆಂಪಿಯರ್ ಹರಿದರೆ, ಹೋಗಿಬರುವ ಒಟ್ಟು 10 ಮೀಟರ್ ಉದ್ದದ 6 ಚದರ ಮಿ.ಮೀ. ತಾಮ್ರದ ತಂತಿಯಲ್ಲೇ 2.3 ವೋಲ್ಟ್ ಕಳೆದುಹೋಗಿ ತಂತಿ ಬಿಸಿಯಾಗುತ್ತದೆ; 16 ಚದರ ಮಿ.ಮೀ. ತಂತಿಯಲ್ಲಿ ನಷ್ಟ 0.9 ವೋಲ್ಟ್. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು.

ಇಷ್ಟಾದರೂ ಲಂಗರು ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಮೋಟಾರು, ತೇಲುಗುಂಡು ಎರಡೂ ಸೋಲುತ್ತವೆ. ಅಂಥಲ್ಲಿ ಸರಪಳಿಯನ್ನು ಲಂಗರಿನ ಕೆಳತಲೆಗೆ (ಅಲಗುಗಳು ಕೂಡುವ ತುದಿಗೆ) ಬಿಗಿದು, ದಂಡದ ಮೇಲ್ತುದಿಯ ಬಳೆಗೆ ತೆಳು ದಾರದಿಂದ ಕಟ್ಟಿಟ್ಟಿರಬೇಕು. ಆ ದಾರ ಸಾಮಾನ್ಯ ಎಳೆತವನ್ನು ತಾಳುವಷ್ಟು ಗಟ್ಟಿಯಾಗಿಯೂ ಮಿತಿಮೀರಿ ಜಗ್ಗಿದಾಗ ತುಂಡಾಗುವಷ್ಟು ತೆಳುವಾಗಿಯೂ ಇದ್ದರೆ, ಅದು ಹರಿದ ಕ್ಷಣದಲ್ಲಿ ಎಳೆತ ಲಂಗರಿನ ತಲೆಗೆ ಬಿದ್ದು, ಅದು ಹೊಕ್ಕ ದಾರಿಯಲ್ಲೇ ಹಿಮ್ಮುಖವಾಗಿ ಹೊರಬರುತ್ತದೆ.