ವಿಡಿಯೋದವರ ಡಿಸ್ಕ್ 1, ನಿಮ್ಮ ಡಿಸ್ಕ್ 1 ಅಲ್ಲ

‘ವಿಡಿಯೋದಲ್ಲಿ ಹಿಂಗೇ ತೋರಿಸಿದ್ರು ಸರ್.’

ದಾವಣಗೆರೆಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ವಾರಕ್ಕೆ ಎರಡು ಮೂರು ಸಲ ಈ ಮಾತು ಕೇಳುತ್ತೇನೆ. ಹೇಳುವವರ ಒಂದು ಕೈಯಲ್ಲಿ ಆನ್ ಆಗದ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ಸ್ಕ್ರೂ ತುಂಬಿದ ಪ್ಲಾಸ್ಟಿಕ್ ಕವರು. ಅವರು ಸುಳ್ಳು ಹೇಳುತ್ತಿಲ್ಲ. ವಿಡಿಯೋದಲ್ಲಿ ಹಾಗೇ ತೋರಿಸಿರುತ್ತಾರೆ. ಆದರೆ ಅದು ತೋರಿಸಿದವರ ಕಂಪ್ಯೂಟರ್, ಇವರದ್ದಲ್ಲ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಲ್ಲಿಸಿತು. ಆಮೇಲಂತೂ ಇದು ಜಾಸ್ತಿಯಾಗಿದೆ. ಎಲ್ಲರೂ ಮನೆಯಲ್ಲೇ 11 ಹಾಕಿಕೊಳ್ಳಲು ಕೂರುತ್ತಾರೆ. ಹಾಕಿಕೊಳ್ಳಲಿ, ನನಗೆ ಸಂತೋಷವೇ. ನಾನೂ ಎಷ್ಟೋ ಕೆಲಸ ವಿಡಿಯೋ ನೋಡಿ ಕಲಿತವನು. ಈಗಲೂ ಹೊಸ ಮಾಡೆಲ್ ಬಂದರೆ ಬಿಚ್ಚುವ ಮೊದಲು ಒಂದು ಸಲ ನೋಡುತ್ತೇನೆ.

ಹೋದ ತಿಂಗಳು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಪಿಯುಸಿ ಓದುತ್ತಾನೆ. ವಿಂಡೋಸ್ ಹಾಕಲು ಪೆನ್‌ಡ್ರೈವ್ ರೆಡಿ ಮಾಡುತ್ತಿದ್ದನಂತೆ. ವಿಡಿಯೋದವರು ಕಪ್ಪು ಪರದೆ ತೆರೆದು ‘ಡಿಸ್ಕ್‌ಪಾರ್ಟ್’ ಅಂತ ಟೈಪ್ ಮಾಡಿದರು, ಇವನೂ ಮಾಡಿದ. ‘ಲಿಸ್ಟ್ ಡಿಸ್ಕ್’ ಅಂದರು, ಮಾಡಿದ. ‘ಸೆಲೆಕ್ಟ್ ಡಿಸ್ಕ್ 1’ ಅಂದರು, ಮಾಡಿದ. ‘ಕ್ಲೀನ್’ ಅಂದರು, ಎಂಟರ್ ಒತ್ತಿದ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಡಿಸ್ಕ್‌ಪಾರ್ಟ್ ಅಂದರೆ ಡಿಸ್ಕುಗಳನ್ನು ಅಳಿಸಿ ಭಾಗ ಮಾಡುವ ವಿಂಡೋಸಿನ ಸಾಧನ. ‘ಕ್ಲೀನ್’ ಅಂದರೆ ಆರಿಸಿದ ಡಿಸ್ಕನ್ನು ಖಾಲಿ ಮಾಡು ಅಂತ. ಡಿಸ್ಕ್‌ಪಾರ್ಟ್ ಎಣಿಕೆ ಶುರು ಮಾಡುವುದು ಸೊನ್ನೆಯಿಂದ. ವಿಡಿಯೋದವರ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಡಿಸ್ಕ್. ಅದು 0, ಅವರ ಪೆನ್‌ಡ್ರೈವ್ 1. ಈ ಹುಡುಗನ ಮನೆಯ ಕಂಪ್ಯೂಟರಿನಲ್ಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಡಿಸ್ಕ್) 0, ಹಳೇ ಹಾರ್ಡ್‌ಡಿಸ್ಕ್ 1, ಪೆನ್‌ಡ್ರೈವ್ 2. ಪಕ್ಕದಲ್ಲೇ ಸೈಜ್ ಅನ್ನುವ ಸಾಲಿತ್ತು. 1ರ ಎದುರಿಗೆ 931 ಜಿಬಿ, 2ರ ಎದುರಿಗೆ 14 ಜಿಬಿ. ಹದಿನಾರು ಜಿಬಿಯ ಪೆನ್‌ಡ್ರೈವ್ ಯಾವುದು ಅಂತ ಆ ಸಾಲೇ ಹೇಳುತ್ತಿತ್ತು. ಅವನ ಕಣ್ಣು ಮೊಬೈಲಿನ ಮೇಲಿತ್ತು. ‘ಕ್ಲೀನ್’ ಅಂದಮೇಲೆ ಅದು ‘ಮಾಡಲಾ, ಬೇಡವಾ?’ ಅಂತ ಕೇಳುವುದೂ ಇಲ್ಲ.

ಆ ಡಿಸ್ಕಿನಲ್ಲಿ ಅಕ್ಕನ ಮದುವೆ ಫೋಟೋ ಇದ್ದವು. ಅಪ್ಪ ಬೈಯಲಿಲ್ಲ. ‘ಬೇಕು ಅಂತ ಮಾಡಿಲ್ಲ ಸರ್ ನಮ್ ಹುಡ್ಗ, ಏನಾದ್ರೂ ಆಗ್ತದಾ ನೋಡ್ರಿ’ ಅಂದರು. ಅವನ ತಲೆ ಮೇಲೇಳಲೇ ಇಲ್ಲ. ಬರೀ ಕ್ಲೀನ್ ಕೊಟ್ಟರೆ ಹೋಗುವುದು ಯಾವ ಭಾಗ ಎಲ್ಲಿದೆ ಅನ್ನುವ ಪಟ್ಟಿ. ಫೈಲುಗಳು ಅವುಗಳ ಮೇಲೆ ಬೇರೇನಾದರೂ ಬರೆಯುವ ತನಕ ಒಳಗೇ ಇರುತ್ತವೆ. ಹುಡುಗ ಫಾರ್ಮ್ಯಾಟ್ ಮಾಡಿ, ವಿಂಡೋಸ್ ಕಾಪಿ ಮಾಡುವಾಗ ಅನುಮಾನ ಬಂದು ಅರ್ಧಕ್ಕೇ ನಿಲ್ಲಿಸಿದ್ದ. ನಿಲ್ಲಿಸಿದ್ದೇ ಒಳ್ಳೆಯದಾಯಿತು. ಮುಕ್ಕಾಲು ಪಾಲು ಫೋಟೋ ಸಿಕ್ಕವು, ಫೈಲಿನ ಹೆಸರುಗಳು ಹೋಗಿದ್ದವು. ಎಲ್ಲರಿಗೂ ಇಷ್ಟು ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ. ಎಸ್‌ಎಸ್‌ಡಿ ಆಗಿದ್ದರೆ ವಾಪಸ್ ಸಿಗುವುದು ಇನ್ನೂ ಕಷ್ಟ.

ನಾನು ಹೇಳಿ ಹೇಳಿ ಸಾಕಾದ ಮಾತು ಇದೇ. ವಿಡಿಯೋದಲ್ಲಿ ಕಾಣುವ ನಂಬರ್, ಕೀ, ಮೆನು, ಸ್ಕ್ರೂ ಇರುವ ಜಾಗ, ಎಲ್ಲವೂ ಆ ಒಂದು ಮಶೀನಿಗೆ ಸೇರಿದ್ದು. ಟೈಲರ್ ನಿಮ್ಮ ಅಣ್ಣನ ಅಳತೆ ಹಿಡಿದು ನಿಮ್ಮ ಅಂಗಿ ಬಟ್ಟೆ ಕತ್ತರಿಸಿದರೆ ಸುಮ್ನೆ ಇರ್ತೀರಾ? ಮೊದಲು ನಿಮ್ಮ ಅಳತೆ ತೆಗೆದುಕೊಳ್ಳಿ. ಮುಚ್ಚಳದ ಮೇಲಿನ ಹೆಸರು ಸಾಲದು. ಒಂದೇ ಹೆಸರಿನಲ್ಲಿ ಹತ್ತಾರು ಮಾಡೆಲ್ ಬಂದಿರುತ್ತವೆ, ಒಳಗಿನ ಬೋರ್ಡೇ ಬೇರೆ ಇರುತ್ತದೆ. ಲ್ಯಾಪ್‌ಟಾಪ್ ಮಗುಚಿ, ತಳದ ಸ್ಟಿಕರಿನಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ. ಸ್ಟಿಕರ್ ಸವೆದಿದ್ದರೆ ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ ‘msinfo32’ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಸಿಸ್ಟಮ್ ಮಾಡೆಲ್ ಅಲ್ಲೇ ಸಿಗುತ್ತದೆ. ಆ ನಂಬರ್ ಹಾಕಿ ವಿಡಿಯೋ ಹುಡುಕಿ. ಸಿಗದಿದ್ದರೆ ಬೇರೆ ಮಾಡೆಲಿನದ್ದು ನೋಡಬಹುದು, ಕಲಿಯಬಹುದು. ಅದನ್ನೇ ಕಣ್ಣು ಮುಚ್ಚಿ ಮಾಡಬೇಡಿ ಅಷ್ಟೆ.

ರ್‍ಯಾಮ್ ವಿಷಯವೂ ಹಾಗೇ. ಲ್ಯಾಪ್‌ಟಾಪಿನ ಡಿಡಿಆರ್3 ರ್‍ಯಾಮಿಗೆ 204 ಪಿನ್, ಡಿಡಿಆರ್4ಕ್ಕೆ 260. ಕೆಳಗಿನ ಕಚ್ಚಿನ ಜಾಗವೂ ಬೇರೆ. ಕೂರದಿದ್ದರೆ ಒತ್ತಬಾರದು, ತೆಗೆದು ನೋಡಬೇಕು. ಬಯೋಸ್, ಅಂದರೆ ವಿಂಡೋಸಿಗೂ ಮೊದಲು ಶುರುವಾಗುವ ಸೆಟ್ಟಿಂಗ್, ಮುಟ್ಟುವವರಿಗೂ ಒಂದು ಮಾತು. ನಿಮ್ಮದರಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ, ಮುಂದಿನ ಸಲ ಆನ್ ಮಾಡಿದಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ವಿಡಿಯೋದವರದ್ದರಲ್ಲಿ ಅದು ಆಫ್ ಇದ್ದರೆ ಆ ಮಾತೇ ಬರುವುದಿಲ್ಲ. ಆ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ಕಲಿಯುವವರೂ ಹೀಗೇ ಸಿಕ್ಕಿಬೀಳುತ್ತಾರೆ. ಹರಿಹರದಲ್ಲಿ ಡಿಟಿಪಿ ಅಂಗಡಿ ಶುರು ಮಾಡಿದ ಹುಡುಗಿಯೊಬ್ಬಳು ಹಳೇ ವಿಡಿಯೋ ನೋಡಿ ಟೈಪಿಂಗ್ ಕಲಿತಿದ್ದಳು. ಕೈ ಬಲು ಚುರುಕು. ಆದರೆ ಅದು ಆಸ್ಕಿ ಫಾಂಟಿನ ಕಾಲದ ವಿಡಿಯೋ. ಅವಳು ಮೇಲ್ ಮಾಡಿದ ಅರ್ಜಿ ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್ ಆಯ್ಕೆ ತೋರಿಸಿಕೊಟ್ಟೆ, ಐದು ನಿಮಿಷದ ಕೆಲಸ. ‘ಅಷ್ಟೇನಾ ಅಣ್ಣಾ?’ ಅಂದಳು. ಎರಡು ತಿಂಗಳು ಆ ಹುಡುಗಿ ತನ್ನದೇ ತಪ್ಪು ಅಂದುಕೊಂಡು ಕೊರಗಿದ್ದಳು. ವಿಡಿಯೋದ ತಾರೀಖು ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಸರಿಯಾಗಿ ಮಾಡುವವರೂ ಇದ್ದಾರೆ. ಜಗಳೂರು ಕಡೆಯ ಒಬ್ಬರು ಪ್ರೈಮರಿ ಶಾಲೆ ಟೀಚರ್ ಮೊನ್ನೆ ಬಂದಿದ್ದರು. ಲ್ಯಾಪ್‌ಟಾಪಿಗೆ ತಾವೇ ಎಂ.2 ಎಸ್‌ಎಸ್‌ಡಿ ಹಾಕುತ್ತಿದ್ದಾರೆ. ಮಕ್ಕಳ ಕಾಪಿ ಪುಸ್ತಕದ ಹಾಳೆಗೆ ನಡುವೆ ಗೆರೆ ಎಳೆದು, ಎಡಗಡೆ ವಿಡಿಯೋದಲ್ಲಿ ಏನು ಮಾಡಿದರು, ಬಲಗಡೆ ತಮ್ಮದರಲ್ಲಿ ಏನು ಕಂಡಿತು ಅಂತ ಬರೆದಿದ್ದರು. ರಟ್ಟಿನ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬಿಡಿಸಿ, ಬಿಚ್ಚಿದ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಚುಚ್ಚಿಟ್ಟಿದ್ದರು. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಉದ್ದದ್ದನ್ನು ಗಿಡ್ಡದ ಜಾಗಕ್ಕೆ ತಿರುಗಿಸಿದರೆ ಒಳಗೆ ಬೋರ್ಡಿಗೇ ಏಟು.

‘ಸರ್, ಎಸ್‌ಎಸ್‌ಡಿ ಹಿಡಿಯೋ ಸಣ್ಣ ಸ್ಕ್ರೂ ಸಿಗ್ತದಾ? ಅವರ ಲ್ಯಾಪ್‌ಟಾಪಲ್ಲಿ ಮೊದಲೇ ಇತ್ತು, ನಮ್ಮದರಲ್ಲಿ ಇಲ್ಲ. ಬೇರೆ ಸ್ಕ್ರೂ ಹಾಕೋದು ಬೇಡ ಅಂತ ಅಲ್ಲಿಗೇ ನಿಲ್ಲಿಸಿ ಬಂದೆ’ ಅಂದರು.

ಅವರ ಮಾಡೆಲ್ ನಂಬರ್ ನೋಡಿ ಎರಡು ಕೊಟ್ಟೆ. ಅಕ್ಕಿ ಕಾಳಿಗಿಂತ ಸಣ್ಣದು, ಕೆಳಗೆ ಬಿದ್ದರೆ ಸಿಗುವುದಿಲ್ಲ. ಅವರು ಕೌಂಟರ್ ಮೇಲೆ ಪುಸ್ತಕ ಇಟ್ಟುಕೊಂಡು ಬಲಗಡೆ ಬರೆದುಕೊಂಡರು: ‘ಸ್ಕ್ರೂ ಇರಲಿಲ್ಲ, ತಂದೆ.’